ಹಸೈನಾರ್ ಕಾಕನ ‘ಅಂತೆ’

ಸೇನೆಯ ವಾಹನ ಎದುರಾದರೆ ಸಾಕು, ಹಸೈನಾರ್ ಕಾಕ ಮದುವೆ ದಿಬ್ಬಣಕ್ಕೆ ದಾರಿ ಬಿಡುವವರಂತೆ ರಸ್ತೆಯ ಬದಿಗೆ ಸರಿದು, ಕೈಕಟ್ಟಿ, ಅದರ ಕೊನೆಯ ಚಕ್ರ ಮರೆಯಾಗುವವರೆಗೂ ನಿಂತುಬಿಡುತ್ತಾರೆ. ಕೊಲ್ಲಿನಾಡಿನ ಘಾಲಾದಲ್ಲಿ ಲಾರಿ ಬಿಡಿಭಾಗಗಳ ಅಂಗಡಿ ಇಟ್ಟಿರುವ ಈ ಉಳ್ಳಾಲದ ಬ್ಯಾರಿಗೆ ತೋಪಿನ ಮೇಲೆ ಮಾತ್ರ ಲವಲೇಶವೂ ಗೌರವವಿಲ್ಲ. “ತೋಪು ನೋಡಿ ಹೆದರುದು ಮಕ್ಕಳು. ಹಿಂದಿಂದ ನೀರಿನ ಲಾರಿ, ಅಡುಗೆ ಲಾರಿ ಬರ್ತದಾ ನೋಡ್ಬೇಕು. ಇಲ್ಲದಿದ್ರೆ ಅದು ಮೆರವಣಿಗೆ” ಎಂಬುದು ಅವರ ಸಿದ್ಧಾಂತ.

ಇಂಧನನೀತಿಯಲ್ಲೂ ಅವರು ಹಿಂದೆ ಬಿದ್ದವರಲ್ಲ. ಎಣ್ಣೆ ತೀರುವ ಮೊದಲೇ ಈ ನಾಡು ಬಿಸಿಲು ಮಾರುವುದನ್ನು ಕಲಿಯಬೇಕು, ಬಿಸಿಲಿಗೆ ವೀಸಾ ಬೇಡ, ಅದನ್ನು ಕೊಡಿಸುವ ಕಫೀಲ್ ಧಣಿಯೂ ಬೇಡ ಎಂದು ಗಂಟೆಗಟ್ಟಲೆ ವಾದಿಸುವ ಈ ಮಹಾನುಭಾವರ ಅಂಗಡಿಯ ಏಸಿ ಎಷ್ಟು ಕೊರೆಯುತ್ತದೆಂದರೆ, ಕಡುಬೇಸಗೆಯಲ್ಲೂ ಅವರು ಕಂದುಬಣ್ಣದ ಉಣ್ಣೆಯ ಕೋಟು ತೊಟ್ಟೇ ಕೂತಿರುತ್ತಾರೆ. ಟಿವಿ ಸುದ್ದಿಯನ್ನು ಸದ್ದಡಗಿಸಿ ನೋಡುತ್ತಾರೆ. ಅದೇ ನಗರದ ರೂವಿಯ ಕಚೇರಿಯೊಂದರಲ್ಲಿ ಕೆಲಸ ಮಾಡುವ ಅವರ ಸ್ನೇಹಿತ ಫ್ರೆಡ್ಡಿ ಅದೇಕೆಂದು ಕೇಳಿದಾಗ, “ಟಿವಿಯವ ‘ಬಂತಂತೆ’ ಅನ್ನುದಿಲ್ಲ ಮಾರಾಯ, ‘ಬಂತು’ ಅಂತಾನೆ. ‘ಅಂತೆ’ ನುಂಗಿದವನ ಸುದ್ದಿ ನಂಗೆ ಬೇಡ” ಎಂದಿದ್ದರು. ಫ್ರೆಡ್ಡಿ ನಕ್ಕುಬಿಟ್ಟಿದ್ದ.

ಸಮುದ್ರದ ಆಚೆ ದಡದಲ್ಲಿ ಯುದ್ಧದ ಗುಲ್ಲೆದ್ದ ವಾರ, ಇಬ್ರಾ ಪಟ್ಟಣದ ದಾರಿಯಲ್ಲಿ ಸೇನೆಯ ಗಾಡಿಗಳ ಸಾಲು ಕಂಡ ಕಾಕ ಊರವರ ವಾಟ್ಸಾಪ್ ಗುಂಪಿಗೆ ಮಾತಿನಲ್ಲೇ ಸಂದೇಶ ಕಳಿಸಿದರು: “ಗಾಡಿಗಳು ಹೋಗ್ತಾ ಉಂಟು. ಇನ್ನು ವಿಮಾನ ನಿಲ್ತದಂತೆ, ಟಿವಿಯವ ಹೇಳುದು. ನಾನು ನಂಬುದಿಲ್ಲ.” ಯಾರೋ ಪುಣ್ಯಾತ್ಮ ಅದರ ಬಾಲ ಕತ್ತರಿಸಿ ಹಂಚಿದ. “ವಿಮಾನ ನಿಲ್ತದ” ಎಂಬಲ್ಲಿಗೆ ಕಾಕನ ಕಂಠ ನಿಂತುಹೋಗಿತ್ತು. ಅಂತೆಯಿಲ್ಲದ ಆ ತುಂಡು ಫ್ರೆಡ್ಡಿಯ ಹೆಂಡತಿ ಗ್ರೆಟ್ಟಾಳಿಗೂ ತಲುಪಿತು. ತುಂಬು ಗರ್ಭಿಣಿ; ಪ್ರಯಾಣ ಮಾಡಿದರೆ ಮಗುವಿಗೆ ಅಪಾಯವೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಆದರೂ ಯುದ್ಧದಲ್ಲಿ ಸಿಕ್ಕಿಬೀಳುವ ಭಯಕ್ಕೆ ಅವಳು ಅಂದೇ ಮಂಗಳೂರಿಗೆ ಹೊರಟು ನಿಂತಳು. ಫ್ರೆಡ್ಡಿಗೆ ದಿಕ್ಕೇ ತೋಚಲಿಲ್ಲ, ಕಾಕನಿಗೆ ಫೋನು ಮಾಡಿದ.

ಲಿಫ್ಟು ಕೆಟ್ಟಿದ್ದ ಫ್ರೆಡ್ಡಿಯ ಮನೆಯ ಕಟ್ಟಡದ ಮೆಟ್ಟಿಲುಗಳನ್ನು ಏದುಸಿರು ಬಿಡುತ್ತ ಹತ್ತಿ, ಕೋಟು ಕಳಚುವುದನ್ನೂ ಮರೆತು, ಬೆವರಿನಲ್ಲಿ ತೊಯ್ದು ಬಂದ ಕಾಕ ತಮ್ಮ ಸಂದೇಶವನ್ನು ಪೂರ್ತಿ ಕೇಳಿಸಿದರು. ಗ್ರೆಟ್ಟಾ ಕಣ್ಣೊರೆಸಿಕೊಂಡಳು. ಆದರೆ ಪೆಟ್ಟಿಗೆಯ ಮೇಲಿನ ಕೈ ತೆಗೆಯಲಿಲ್ಲ.

“ಏನೂ ಆಗುದಿಲ್ಲ ಅಂತ ಒಂದು ಮಾತು ಹೇಳಿ ಕಾಕಾ. ನೀವು ಹೇಳಿದ್ರೆ ಇವಳು ನಂಬ್ತಾಳೆ” ಎಂದು ಫ್ರೆಡ್ಡಿ ಅಂಗಲಾಚಿದ.

ನಂಬುವಳೆಂಬುದು ಕಾಕನಿಗೂ ತಿಳಿದಿತ್ತು. ಜಗತ್ತಿನ ಸಮಸ್ತ ಸೇನೆಗಳ ಬಗ್ಗೆ ತೀರ್ಪು ಕೊಡುತ್ತಿದ್ದ ಅವರು ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕುಳಿತರು.

“ಯುದ್ಧದ್ದು ನಂಗೆ ಗೊತ್ತಿಲ್ಲ ಮಗಳೇ,” ಎಂದರು ಕೊನೆಗೆ. “ಟಿವಿಯವನಿಗೂ ಗೊತ್ತಿಲ್ಲ. ನಿನ್ನ ಮಗುವಿನ ವಿಷಯ ಡಾಕ್ಟ್ರಿಗೆ ಗೊತ್ತುಂಟು.”

ಗ್ರೆಟ್ಟಾ ಅವರ ಮುಖ ನೋಡಿದಳು. ಆಮೇಲೆ ಕುಳಿತುಕೊಂಡು, ಪೆಟ್ಟಿಗೆಯಿಂದ ಮಗುವಿನ ಬಟ್ಟೆಗಳನ್ನು ಒಂದೊಂದಾಗಿ ಹೊರತೆಗೆಯತೊಡಗಿದಳು. ‘ಗೊತ್ತಿಲ್ಲ’ ಎಂಬ ಶಬ್ದವನ್ನು ಕಾಕನ ಬಾಯಿಂದ ಎಂದೂ ಕೇಳದಿದ್ದ ಫ್ರೆಡ್ಡಿ ಬೆರಗಿನಿಂದಲೇ ಆ ಬಟ್ಟೆಗಳನ್ನು ಎತ್ತಿ ಕಪಾಟಿನಲ್ಲಿಡತೊಡಗಿದ.

ಎಲ್ಲದಕ್ಕೂ ಅಭಿಪ್ರಾಯವಿರುವವರು ಪ್ರತಿ ಊರಿನಲ್ಲೂ ಇರುತ್ತಾರೆ; ನಾವು ಅವರ ಚಹಾ ಕುಡಿಯುತ್ತೇವೆ, ಅವರನ್ನು ಕಂಡು ನಗುತ್ತೇವೆ. ಅವರಲ್ಲಿ ಅಪರೂಪಕ್ಕೊಬ್ಬರು ಇನ್ನೊಬ್ಬರ ಪ್ರಾಣದ ಪ್ರಶ್ನೆ ಬಂದಾಗ ಹೆಮ್ಮೆಯನ್ನೆಲ್ಲ ಹೊಸ್ತಿಲಾಚೆ ಬಿಟ್ಟು ಒಳಗೆ ಬರುತ್ತಾರೆ. ಅಂಥವರು ಯಾವ ಭರವಸೆಯನ್ನೂ ಕೊಡದೆ ಹೋದ ಮನೆಯಲ್ಲೂ ಜನ ಆ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ.