ನಾಲ್ಕೂವರೆ ವೋಲ್ಟ್

ವೈರಿನಕ್ಕನ ಹತ್ತು ಬೆರಳಿಗೂ ಜೀವವಿರಲಿಲ್ಲ. ಸುಳ್ಳಲ್ಲ, ಹತ್ತಕ್ಕೆ ಹತ್ತೂ.

ಹನ್ನೊಂದು ವರ್ಷದಲ್ಲಿ ಆಕೆ ಕಾರ್ಖಾನೆಯ ಮೋಟರ್ ದೋಣಿಗಳಿಗೆ ಎಳೆದ ವೈರನ್ನೆಲ್ಲ ಬಿಚ್ಚಿದ್ದರೆ ಚಂದ್ರನಿಗೆ ಮೂರು ಸುತ್ತು ಹಾಕಿ, ಮಿಕ್ಕಿದ್ದರಲ್ಲಿ ಊರಿನ ಬಟ್ಟೆಯನ್ನೆಲ್ಲ ಒಣಗಿಸಬಹುದಿತ್ತು. ಪ್ರತಿ ವೈರಿನ ತುದಿಗೂ ಟೋಪಿಯ ಹಾಗೆ ಒಂದು ಲಗ್ಗು. ಪ್ರತಿ ಲಗ್ಗನ್ನೂ ಇಕ್ಕಳದಲ್ಲಿ ಕಟಕ್ಕೆಂದು ಒತ್ತಬೇಕು. ದಿನಕ್ಕೆ ಲಕ್ಷ ಸಲ ಒತ್ತುತ್ತಿದ್ದಳು. ನಂಬುವುದಿಲ್ಲವೇ? ಹೋಗಲಿ, ಎಂಟುನೂರು ಅಂದುಕೊಳ್ಳಿ. ಬೆರಳು ಸಾಯಲು ಅಷ್ಟು ಸಾಕು. ಮಗಳಿಗೆ ಜಡೆ ಹಾಕುವಾಗ ಕೂದಲು ಕೈಯಲ್ಲಿದೆಯೋ ಜಾರಿತೋ ಎಂದು ಕಣ್ಣಲ್ಲಿ ನೋಡಿಯೇ ತಿಳಿಯಬೇಕಿತ್ತು.

ಆ ಬೆಳಿಗ್ಗೆ ನಲವತ್ತೊಂದನೇ ನಂಬರಿನ ದೋಣಿ ವಾಪಸು ಬಂತು. ತಿಂಗಳಲ್ಲಿ ಮೂರನೆಯದು. ನಡುನೀರಿನಲ್ಲಿ ಆರಿಸಿದ ಎಂಜಿನ್ ಮತ್ತೆ ಸ್ಟಾರ್ಟ್ ಆಗಿರಲಿಲ್ಲ. ಹನ್ನೆರಡು ಜನ ನಾಲ್ಕು ಗಂಟೆ ತೇಲಿದ್ದರು. ಬ್ಯಾಟರಿ ಮಾತ್ರ ಹೊಚ್ಚಹೊಸದು.

ಮ್ಯಾನೇಜರ್ ಕಾಗದ ಬರೆದುಕೊಂಡೇ ಬಂದ.

"ಇಲ್ಲೊಂದ್ ಸೈನ್ ಹಾಕಮ್ಮ. ಏನಿಲ್ಲ."

"ಏನ್ ಬರ್ದಿದೆ ಸಾರ್?"

"ನಿನ್ ಕೈಗೆ ಸ್ಪರ್ಶ ಇಲ್ಲ ಅಂತ ಡಾಕ್ಟರ್ ಬರ್ದಿಲ್ವಾ? ಅದೇ. ಸ್ಪರ್ಶ ಇಲ್ದೆ ಲಗ್ಗು ಬಿಗಿಯಾಗಿ ಒತ್ತಿಲ್ಲ, ತಪ್ಪು ನಂದು ಅಂತ."

"ಆಮೇಲೆ?"

"ಆಮೇಲೇನು, ಆರಾಮಾಗಿ ಮನೇಲಿರು. ಕೈಗೂ ರೆಸ್ಟು."

ಮನೆಯಲ್ಲಿ ದುಡಿಯುವ ಕೈ ಅವೆರಡೇ. ಆದರೂ ಆಕೆಗೆ ಸಿಟ್ಟು ಬರಲಿಲ್ಲ. ಸಿಟ್ಟು ಹುಟ್ಟುವ ಜಾಗವೂ ಬೆರಳಿನ ಹಾಗೇ ಆಗಿತ್ತೋ ಏನೋ. ಕಾರ್ಖಾನೆ ತಾನೇ ತಿಂದ ಬೆರಳನ್ನು ತಾನೇ ಸಾಕ್ಷಿಗೆ ಕರೆದಿತ್ತು. ಆಕೆ ಅದನ್ನು ಬೇರೆ ಯಾರದೋ ಸುದ್ದಿಯೆಂಬಂತೆ ಕೇಳಿಸಿಕೊಂಡಳು.

ಪಕ್ಕದಲ್ಲಿ ಸ್ವಿಚ್ಚು ಕೂರಿಸುವ ಗಿಡ್ಡಿ ಬಾಯಿ ತೆರೆದಳು. ಆ ಬಾಯಿಯನ್ನು ದೋಣಿಗೆ ಕಟ್ಟಿದ್ದರೆ ಎಂಜಿನ್ನೇ ಬೇಕಿರಲಿಲ್ಲ.

"ದೋಣಿ ಮುಟ್ಟೂ ನೋಡಿಲ್ಲ, ತಪ್ಪು ಯಾರ್ದು ಅಂತ ಹೇಗ್ ಗೊತ್ತಾಯ್ತು ಸಾರ್? ಕನಸ್ ಬಿತ್ತಾ?"

"ನಿನ್ ಕೆಲಸ ನೋಡೇ ನೀನು."

"ದೋಣಿ ಒಂದ್ಸಲ ನೋಡ್ಬಿಡ್ತೀನಿ ಸಾರ್," ಎಂದಳು ವೈರಿನಕ್ಕ. "ತಪ್ಪು ನಂದಾದ್ರೆ ಸೈನ್ ಹಾಕ್ತೀನಿ."

ಮೀಟರು ಹಿಡಿದು ದೋಣಿಯ ಹೊಟ್ಟೆಯೊಳಗೆ ತೆವಳಿದಳು. ಮೇಲೆ ಗಿಡ್ಡಿ ಕೀ ತಿರುಗಿಸಿದಳು. ಎಂಜಿನ್ ನರಳಿತು, ಸ್ಟಾರ್ಟ್ ಆಗಲಿಲ್ಲ.

"ಬ್ಯಾಟರಿ ಹತ್ರ ಹನ್ನೊಂದೂವರೆ ವೋಲ್ಟು. ಎಂಜಿನ್ ಹತ್ರ ಏಳು."

"ಮಿಕ್ಕಿದ್ ನಾಲ್ಕೂವರೆ ಎಲ್ಲಿ ಹೋಯ್ತಕ್ಕಾ? ದಾರೀಲಿ ಇಳ್ಕೊಳ್ತಾ?"

ವೈರಿನಕ್ಕ ಲಗ್ಗನ್ನು ಎಳೆದು ನೋಡಿದಳು. ಆನೆ ಕಟ್ಟಿ ಎಳೆದರೂ ಕಿತ್ತು ಬರುವಂತಿರಲಿಲ್ಲ. ಆಮೇಲೆ ಬ್ಯಾಟರಿಯಿಂದ ಎಂಜಿನ್ನಿಗೆ ಹೋಗುವ ದಪ್ಪ ಕೇಬಲ್ಲಿಗೆ ಕೆನ್ನೆ ಒತ್ತಿದಳು. ಬೆರಳು ಸತ್ತ ಮೇಲೆ ಆಕೆ ಬಿಸಿ ನೋಡುತ್ತಿದ್ದುದು ಕೆನ್ನೆಯಲ್ಲೇ. ಲಗ್ಗಿನ ಹತ್ತಿರ ಮಾತ್ರ ಬಿಸಿಯಾದರೆ ಒತ್ತಿದ್ದು ಸಡಿಲ. ಉದ್ದಕ್ಕೂ ಬಿಸಿಯಾದರೆ ಕೇಬಲ್ಲೇ ಕಳ್ಳ. ಕೆನ್ನೆ ಈ ತುದಿಯಿಂದ ಆ ತುದಿಯವರೆಗೂ ಸುಟ್ಟಿತು.

ಬ್ಲೇಡಿನಲ್ಲಿ ಒಂದು ಗೇಣು ಸಿಪ್ಪೆ ಸುಲಿದಳು. ಒಂದು ಎಳೆಯನ್ನು ಕೆರೆದಳು. ತಾಮ್ರದ ಕೆಂಪು ಉದುರಿ ಒಳಗೆ ಬೆಳ್ಳಗೆ ಕಂಡಿತು.

"ಅಲ್ಯೂಮಿನಿಯಂ ಸಾರ್. ಮೇಲ್ಗಡೆ ಮಾತ್ರ ತಾಮ್ರ. ಎಂಜಿನ್ ಎಳೆಯೋ ಕರೆಂಟು ತಡೀದೆ ಉದ್ದಕ್ಕೂ ಬಿಸಿಯಾಗ್ತಿದೆ, ಆ ನಾಲ್ಕೂವರೆ ಅಲ್ಲೇ ಹೋಗ್ತಿದೆ. ಆರು ತಿಂಗಳ ಹಿಂದೆ ಹೊಸ ಸುರುಳಿ ಬಂದಾಗ್ಲೇ ಹೇಳಿದ್ದೆ, ತೀರಾ ಹಗುರ ಇದೆ ಅಂತ."

"ಏನ್ ತರಿಸ್ಬೇಕು ಅಂತ ನಮಗೆ ಗೊತ್ತು. ಬಿಸಿಯಂತೆ! ನಿನ್ ಕೈಗೆ ಸ್ಪರ್ಶಾನೇ ಇಲ್ಲ. ನಿನ್ ಮಾತು ಯಾರ್ ನಂಬ್ತಾರೆ?"

"ಹಾಗಾದ್ರೆ ನೀವೇ ಹಿಡೀರಿ. ಶಾಕ್ ಹೊಡೆಯಲ್ಲ, ಹನ್ನೆರಡೇ ವೋಲ್ಟು. ಗಿಡ್ಡೀ, ಕೀ ತಿರುಗ್ಸು. ಬಿಡ್ಬೇಡ."

ಷೆಡ್ಡಿನ ಜನವೆಲ್ಲ ಬಂದು ಸುತ್ತ ನಿಂತಿತ್ತು. ನಾಲ್ಕು ಸಾವಿರ ಎನ್ನಬಹುದು, ಇದ್ದದ್ದು ನಲವತ್ತು. ಅಷ್ಟು ಕಣ್ಣಿನೆದುರು ಹಿಂಜರಿಯಲಾಗದೆ ಮ್ಯಾನೇಜರ್ ದೋಣಿಯೊಳಗೆ ಬಗ್ಗಿ ಬೆತ್ತಲೆ ಕೇಬಲ್ಲು ಹಿಡಿದ. ಪಕ್ಕದಲ್ಲೇ ಆಕೆಯೂ ಹಿಡಿದಳು. ಎಂಜಿನ್ ನರಳತೊಡಗಿತು.

ಐದು ಎಣಿಸುವಷ್ಟರಲ್ಲಿ ಮ್ಯಾನೇಜರ್ "ಅಯ್ಯಪ್ಪಾ!" ಎಂದು ಕೈ ಕಿತ್ತುಕೊಂಡ.

ಆಕೆ ಹಿಡಿದೇ ಇದ್ದಳು. ಚರ್ಮ ಸುಟ್ಟ ವಾಸನೆ ಬಂದಾಗ ಗಿಡ್ಡಿ ಕೂಗಿಕೊಂಡು ಕೀ ಬಿಟ್ಟಳು. ಇಲ್ಲಿ ಕೂದಲೆಳೆಯಷ್ಟೂ ಸೇರಿಸಿಲ್ಲ: ನಾಲ್ಕು ಬೆರಳಿಗೆ ಅಡ್ಡಲಾಗಿ ಬಿಳಿಯ ಗೆರೆ ಎದ್ದಿತ್ತು. ಆಕೆ ಮುಖ ಕೂಡ ಕಿವಿಚಲಿಲ್ಲ.

"ನಿಮಗೆ ಸ್ಪರ್ಶ ಇದೆಯಲ್ಲ ಸಾರ್," ಎಂದಳು. "ಬಿಸಿ ಇತ್ತು ಅಂತ ಆ ಕಾಗದದಲ್ಲಿ ನೀವೇ ಬರ್ದು ಸೈನ್ ಹಾಕಿ."

ಮ್ಯಾನೇಜರ್ ಕೈಯನ್ನು ಜೇಬಿಗೆ ತುರುಕಿದ. "ಏನ್ ನೋಡ್ತಿದೀರ? ಹೋಗ್ರೋ, ಲೈನ್ ಶುರು ಮಾಡಿ!"

ಲೈನಿನಲ್ಲಿ ಇನ್ನೂ ಐದು ದೋಣಿಗಳಿದ್ದವು. ಅವಕ್ಕೂ ಅದೇ ಕೇಬಲ್ಲು. ಒಂದು ಇಕ್ಕಳವೂ ಕಟಕ್ ಎನ್ನಲಿಲ್ಲ. ಗಿಡ್ಡಿ ತನಗಿಂತ ಎತ್ತರದ ಕೇಬಲ್ ಸುರುಳಿಯನ್ನು ಉರುಳಿಸಿಕೊಂಡು ಹೋಗಿ ಆಫೀಸಿನ ಬಾಗಿಲಿಗೆ ಅಡ್ಡ ಕೆಡವಿ, ಅದರ ಮೇಲೆ ಕೂತಳು. ಒಬ್ಬೊಬ್ಬರಾಗಿ ಉಳಿದವರೂ ಹೋಗಿ ನೆಲದಲ್ಲಿ ಕೂತರು.

ಯಾರೋ ಬಕೆಟ್ಟಿನಲ್ಲಿ ನೀರು ತಂದು ವೈರಿನಕ್ಕನ ಮುಂದಿಟ್ಟರು. ಆಕೆ ಕಣ್ಣಲ್ಲಿ ನೋಡುತ್ತಲೇ ಕೈಯನ್ನು ಒಳಗಿಳಿಸಿದಳು.

"ತಣ್ಣಗಿದೆಯೇನಕ್ಕಾ?" ಗಿಡ್ಡಿ ಕೂತಲ್ಲಿಂದಲೇ ಕೇಳಿದಳು.

"ನೀನೇ ಬಂದು ಮುಟ್ಟಿ ಹೇಳೇ," ಎಂದಳು ವೈರಿನಕ್ಕ.