ಪಪ್ಪಾಯಿ ಗ್ಯಾನಪ್ಪ

ಎದುರಿಗೆ ಯಾರೇ ಬರಲಿ, ತಾವರಗೇರಾದ ಗ್ಯಾನಪ್ಪ ಮೊದಲು ಕೇಳುತ್ತಿದ್ದುದು ಒಂದೇ ಮಾತು: "ಹೊಟ್ಟಿ ಹ್ಯಾಂಗೈತಿ?" ನಮಸ್ಕಾರ, ಕ್ಷೇಮಸಮಾಚಾರಗಳೆಲ್ಲ ಆಮೇಲೆ. ಮದುವೆಯ ಚಪ್ಪರದಲ್ಲಿ ಬೀಗರನ್ನೂ, ಚಾವಡಿಯಲ್ಲಿ ಪಟೇಲರನ್ನೂ, ಒಮ್ಮೆ ಹೆಣ ಮಣ್ಣು ಮಾಡಿ ಮರಳುತ್ತಿದ್ದ ದುಃಖತಪ್ತರನ್ನೂ ಅವನು ಹೀಗೆಯೇ ಮಾತಾಡಿಸಿದ್ದುಂಟು. ನಡುಬೀದಿಯಲ್ಲೇ ನಡೆಯಬೇಕು, ಕೈಗಳೆರಡೂ ಬೆನ್ನ ಹಿಂದಿರಬೇಕು, ಸುಡುಬೇಸಿಗೆಯಾದರೂ ಮೈಮೇಲೆ ಕರಿಯ ಕೋಟಿರಬೇಕು. ಅದು ಅವನ ಗತ್ತು.

ಆ ಕೋಟಿನ ಹಿಂದೊಂದು ಕಥೆಯಿದೆ. ಆಗಿನ್ನೂ ನಿಜಾಮರ ಆಳ್ವಿಕೆ. ಎರಡನೆಯ ಮಹಾಯುದ್ಧ ಶುರುವಾಗಿರಲಿಲ್ಲ. ಸಜ್ಜೆ, ಜೋಳದ ಆ ಒಣಸೀಮೆಯಲ್ಲಿ ಪಪ್ಪಾಯಿ ಅಪರೂಪದ ಹಣ್ಣು. ಹೊಸಪೇಟೆಯ ನೆಂಟರ ಮನೆಯಿಂದ ಗ್ಯಾನಪ್ಪ ಬೀಜ ತಂದು ಬಾವಿಯ ಮಗ್ಗುಲಲ್ಲಿ ಊರಿದ್ದ. ಅವನ ಹೆಂಡತಿ ದುರಗಮ್ಮ ನೀರು ಹೊತ್ತು ಬೆಳೆಸಿದ್ದಳು. ಹಣ್ಣೇನೋ ಬಿಟ್ಟವು. ಆದರೆ ಮೈಗೆ ಉಷ್ಣವೆಂದು ಊರಿನವರು ಮುಟ್ಟಲಿಲ್ಲ. ಉದುರಿದ ಹಣ್ಣೆಲ್ಲ ಎಮ್ಮೆಯ ಪಾಲಾಯಿತು.

ಅಷ್ಟರಲ್ಲಿ ಕಂದಾಯದ ತಪಾಸಣೆಗೆಂದು ಬಂದ ಗಿರದಾವರ ಸಾಹೇಬರು ಊರಲ್ಲಿ ಬಿಡಾರ ಹೂಡಿದರು. ಮಲಬದ್ಧತೆಯಿಂದ ಬಳಲಿ, ಮುಖ ಹುಳ್ಳಗೆ ಮಾಡಿಕೊಂಡು, ಕಂಡಕಂಡವರ ಮೇಲೆ ಸಿಡಿಮಿಡಿಗೊಳ್ಳುತ್ತಿದ್ದ ಆ ಅಧಿಕಾರಿಗೆ ಗ್ಯಾನಪ್ಪ ನಸುಕಿನಲ್ಲಿ ಪಪ್ಪಾಯಿ ಹೆಚ್ಚಿ ತಿನ್ನಿಸಿದ. ನಾಲ್ಕಾರು ದಿನಗಳಲ್ಲಿ ಸಾಹೇಬರು ನಗತೊಡಗಿದರು. ಹೊರಡುವಾಗ ತಮ್ಮ ಹಳೆಯ ಕೋಟನ್ನೇ ಕಳಚಿ ಅವನ ಹೆಗಲಿಗೆ ಹೊದಿಸಿದರು.

ಅಧಿಕಾರಿಯ ಹೊಟ್ಟೆಯ ಸುದ್ದಿ ಕುಷ್ಟಗಿಯನ್ನು ದಾಟಿ ಯಲಬುರ್ಗಾ ಮುಟ್ಟಲು ಹೆಚ್ಚು ಕಾಲ ಬೇಕಾಗಲಿಲ್ಲ. ಬೆಳಗಾದರೆ ಬಾವಿಯ ಬಳಿ ಗಾಡಿಗಳು. ಹಣ್ಣು ತಿಂದವರು ಬೀಜವನ್ನು ಬೂದಿಯಲ್ಲಿ ಹೊರಳಿಸಿ ಕಟ್ಟಿಕೊಂಡು ಹೋದರು. ಹಿತ್ತಿಲು ಹಿತ್ತಿಲಿನಲ್ಲೂ ಪಪ್ಪಾಯಿ ತಲೆಯೆತ್ತಿತು. ಆದರೂ ಗ್ಯಾನಪ್ಪನ ಕೈಯ ಹಣ್ಣೇ ಬೇಕೆಂದು ಜನ ಹಟ ಹಿಡಿದರು. ಬಸುರಿಯರಿಗೆ ಮಾತ್ರ ಅವನು ಕೊಡುತ್ತಿರಲಿಲ್ಲ. ಅಜೀರ್ಣಕ್ಕೆಂದು ಆರಂಭವಾದ ಮದ್ದು ಜಂತುಹುಳಕ್ಕಾಯಿತು, ಮೊಣಕಾಲ ನೋವಿಗಾಯಿತು, ಕಣ್ಣಿನ ಮಂಜಿಗಾಯಿತು, ಕಡೆಗೆ ಚಳಿಜ್ವರಕ್ಕೂ ಆಯಿತು. ಇವನ್ನೆಲ್ಲ ಅವನು ಹೇಳಿದ್ದಲ್ಲ, ಜನ ಹೇಳಿದ್ದು. ಆದರೆ ಹೇಳುವಾಗ ಅವರ ಕಣ್ಣಲ್ಲಿ ಹೊಳೆಯುತ್ತಿದ್ದ ಭಕ್ತಿಯನ್ನು ಕಂಡು, ಅಲ್ಲವೆನ್ನಲು ಅವನಿಗೆ ಬಾಯಿ ಬರಲಿಲ್ಲ.

ಒಂದು ಮಳೆಗಾಲದ ಕೊನೆಗೆ ದುರಗಮ್ಮನಿಗೇ ಚಳಿಜ್ವರ ಹತ್ತಿತು. ದಿನ ಬಿಟ್ಟು ದಿನ ಹಲ್ಲು ಕಟಕಟಿಸುವ ನಡುಕ, ಆಮೇಲೆ ಕಾದ ಹಂಚಿನಂಥ ಮೈ. ಗ್ಯಾನಪ್ಪ ಹಣ್ಣು ತಿನ್ನಿಸಿದ, ಎಲೆಯ ರಸ ಹಿಂಡಿ ಕುಡಿಸಿದ. ಅವಳು ಒಲ್ಲೆನೆನ್ನಲಿಲ್ಲ. ಮತ್ತೊಮ್ಮೆ ಹೋಳು ಹಿಡಿದು ಬಂದಾಗ ಮಾತ್ರ, ಕೌದಿಯೊಳಗಿಂದ ಮೆಲ್ಲಗೆ ಅಂದಳು:

"ತಿನ್ನಂದ್ರ ತಿಂತೀನ್ರಿ. ಆದ್ರ ನನ್ನ ಹೊಟ್ಟಿ ಛಲೋ ಐತಿ. ಬ್ಯಾನಿ ಬಂದಿದ್ದು ಹೊಟ್ಟಿಗಲ್ಲ."

ಅವನು ಹೋಳನ್ನು ಕೆಳಗಿಟ್ಟ. ಹೊರಗೆ ಬಂದು ಗಿಡದ ಬುಡದಲ್ಲಿ ಕುಳಿತ. ತನಗೆ ಗೊತ್ತಿಲ್ಲವೆಂಬುದು ಅವನಿಗೆ ಬಹಳ ಹಿಂದೆಯೇ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಿದವರು ಇರಲಿಲ್ಲ, ಅಷ್ಟೆ. ಎದ್ದು ನೆರೆಮನೆಯ ಗಾಡಿಯ ಮಕ್ಬುಲಸಾಬನನ್ನು ಕರೆದ.

"ಕುಷ್ಟಗಿ ದವಾಖಾನಿಗೆ ಹೋಗಬೇಕು. ಗಾಡಿ ಕಟ್ಟು."

ಮಕ್ಬುಲಸಾಬ ತಲೆ ಕೆರೆದುಕೊಂಡ. "ಇವತ್ತ ಸಂತಿ ಐತಲ್ಲೋ ಗ್ಯಾನಪ್ಪ. ಊರ ಮಂದೆಲ್ಲಾ ನೋಡ್ತೈತಿ. ಹೊತ್ತು ಮುಳುಗಲಿ, ಹೋಗೂಣು."

"ಹೊತ್ತು ಮುಳುಗೂತನಾ ಆಕಿ ತಡೀಬೇಕಲ್ಲಪಾ?"

ಸಂತೆಯ ನಡುವಿನಿಂದಲೇ ಗಾಡಿ ಹೊರಟಿತು. ಗ್ಯಾನಪ್ಪ ಮುಂದೆ ಕುಳಿತಿದ್ದ. ಹಿಂದೆ ದುರಗಮ್ಮ ಮುದುಡಿ ಮಲಗಿದ್ದಳು. ಬೆಲ್ಲದ ಅಂಗಡಿಯ ಕೊಟ್ರಪ್ಪ ಗಟ್ಟಿಯಾಗಿ ನಕ್ಕ: "ನೋಡ್ರೆಪಾ, ವೈದ್ಯರಽ ದವಾಖಾನಿಗೆ ಹೊಂಟಾರ!" ನಗು ಅಂಗಡಿಯಿಂದ ಅಂಗಡಿಗೆ ಹಬ್ಬಿತು. ಗ್ಯಾನಪ್ಪ ತಲೆ ತಗ್ಗಿಸಿ ಎತ್ತುಗಳ ಕೊಂಬನ್ನೇ ನೋಡುತ್ತಿದ್ದ.

ಆಗ ಗಾಡಿಗೆ ಅಡ್ಡಬಂದವಳು ಯಲಬುರ್ಗಾ ಕಡೆಯ ಫಕೀರಮ್ಮ. ಜ್ವರದಲ್ಲಿ ನಡುಗುತ್ತಿದ್ದ ಗಂಡನಿಗೆ ಕಂಬಳಿ ಹೊದಿಸಿ, ಹಣ್ಣಿಗಾಗಿ ಅಷ್ಟು ದೂರ ನಡೆಸಿಕೊಂಡು ಬಂದಿದ್ದಳು. "ಯಪ್ಪಾ, ನಿಮ್ಮ ಹೆಸರು ಕೇಳಿ ಬಂದೀವ್ರಿ. ಒಂದು ಹಣ್ಣು ಕೊಟ್ಟು ಹೋಗ್ರಿ."

ನಗುತ್ತಿದ್ದವರು ಗಾಡಿಯ ಸುತ್ತ ಸೇರಿದರು. ಎಲ್ಲರ ದೃಷ್ಟಿಯೂ ಗ್ಯಾನಪ್ಪನ ಮೇಲೆ. ಬರುತ್ತೇನೆ, ಕಾಯಿರಿ ಎಂದುಬಿಟ್ಟಿದ್ದರೆ ಸಾಕಿತ್ತು. ಅರ್ಧ ಮರ್ಯಾದೆಯಾದರೂ ಉಳಿಯುತ್ತಿತ್ತು. ಅವನು ಒಮ್ಮೆ ಹಿಂದೆ ತಿರುಗಿ ಹೆಂಡತಿಯನ್ನು ನೋಡಿದ. ಆಮೇಲೆ, ಕೊಟ್ರಪ್ಪನಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ:

"ಜ್ವರಕ್ಕ ಇದು ನಾಟಂಗಿಲ್ಲವ್ವಾ. ಹೊಟ್ಟಿಗಷ್ಟ ಇದು. ಅವನ್ನ ಗಾಡಿಗೆ ಹತ್ಸು, ದವಾಖಾನಿಗೆ ಹೋಗೂಣು."

ಕುಷ್ಟಗಿಯಲ್ಲಿ ಡಾಕ್ಟರು ಕ್ವಿನೈನ್ ಕೊಟ್ಟರು. ಗುಣವಾಗುವುದು ತಡವಾಯಿತು, ಆ ಮದ್ದಿನ ದೆಸೆಯಿಂದ ದುರಗಮ್ಮನ ಕಿವಿ ಬಹಳ ದಿನ ಗುಂಯ್‌ಗುಟ್ಟಿತು. ಆದರೆ ಇಬ್ಬರು ರೋಗಿಗಳೂ ಎದ್ದು ಕುಳಿತರು.

ಊರಿಗೆ ಮರಳಿದ ಮೇಲೆ ಕೆಲಕಾಲ ಬಾವಿಯ ಬಳಿ ಗಾಡಿಗಳು ನಿಲ್ಲಲಿಲ್ಲ. ದುರಗಮ್ಮ ಗಿಡಗಳಿಗೆ ನೀರು ಹಾಕುವುದನ್ನೇನೂ ಬಿಡಲಿಲ್ಲ. ಮೆಲ್ಲಮೆಲ್ಲನೆ ಜನ ಮತ್ತೆ ಬರತೊಡಗಿದರು, ಹೊಟ್ಟೆಗೆಂದೇ ಬಂದರು. ಜ್ವರದವರನ್ನು ಗ್ಯಾನಪ್ಪ ತಾನೇ ನಿಂತು ಮಕ್ಬುಲಸಾಬನ ಗಾಡಿಗೆ ಹತ್ತಿಸುತ್ತಿದ್ದ. ಅವನ ಜಂಭವೂ ಅಷ್ಟರಲ್ಲಿ ಚೇತರಿಸಿಕೊಂಡಿತ್ತು. "ಈ ಊರಿಗೆ ದವಾಖಾನಿ ದಾರಿ ತೋರಿಸಿದಾವ ಯಾರು? ನಾನಽ!" ಎಂದು ಕೊಟ್ರಪ್ಪನ ಅಂಗಡಿಯ ಮುಂದೆಯೇ ನಿಂತು ಹೇಳುತ್ತಿದ್ದ.

ಹೊಗಳಿಕೆಗೆ ಮಣಿಯದ ಸ್ಥಿತಪ್ರಜ್ಞರನ್ನು ಲೋಕ ಹಿರಿಯರೆಂದು ಗೌರವಿಸುತ್ತದೆ, ಗೌರವಿಸಲಿ. ಅವರಿಗೆ ಹೊಗಳಿಕೆಯ ರುಚಿಯೇ ಗೊತ್ತಿಲ್ಲದಿರುವಾಗ ಅದನ್ನು ಬಿಡುವುದು ಎಷ್ಟರ ಮಾತು? ಜಂಭದ ಮನುಷ್ಯರ ಪಾಡು ಬೇರೆ. ಊರು ಆಡುವ ಒಳ್ಳೆಯ ಮಾತೇ ಅವರ ಅನ್ನ, ಅದಿಲ್ಲದೆ ಅವರಿಗೆ ದಿನ ಸರಿಯದು. ಅಂಥವರಲ್ಲೊಬ್ಬ, ತನ್ನ ಮನೆಯ ಜೀವವೊಂದು ನಡುಗುತ್ತಿರುವಾಗ, ತುಂಬಿದ ಬೀದಿಯಲ್ಲಿ ತನಗೆ ಗೊತ್ತಿಲ್ಲವೆಂದು ಕೂಗಿ ಹೇಳಿದರೆ, ಅವನು ತೆತ್ತದ್ದೇನೆಂಬುದು ಇನ್ನೊಬ್ಬ ಜಂಭಗಾರನಿಗೇ ತಿಳಿಯಬೇಕು.