ಚಾಲಕನ ಪರ ವಾದ

ಡ್ರೈವಿಂಗ್ ಶಾಲೆಯ ಮೇಡಂ ತಮ್ಮ ಆಯುಷ್ಯದ ಬಹುಭಾಗವನ್ನು ಕಲಿಯುವವರ ಪಕ್ಕದ ಸೀಟಿನಲ್ಲಿ ಕುಳಿತೇ ಕಳೆದವರು. ಅವರ ಕಾರಿನಲ್ಲಿ ಆ ಸೀಟಿನ ಮುಂದೆಯೂ ಒಂದು ಬ್ರೇಕ್ ಇತ್ತು. ಪಾದ ಅದರ ಮೇಲೆ, ಕಣ್ಣು ಕನ್ನಡಿಯ ಮೇಲೆ, ಇದೇ ಅವರ ವೃತ್ತಿ. ಪತಿಯೂ ಅದೇ ಶಾಲೆಯ ಇನ್ನೊಂದು ಕಾರಿನಲ್ಲಿ ಅದೇ ಕೆಲಸ ಮಾಡುತ್ತಿದ್ದರು. ಹಗಲೆಲ್ಲ ಆಮೆಯ ನಡೆಯಲ್ಲಿ ಬೀದಿ ಸುತ್ತುತ್ತಿದ್ದ ಆ ದಂಪತಿಗಳಿಗೆ ಇದ್ದದ್ದು ಒಂದೇ ಚಪಲ: ಲೋಕವೆಲ್ಲ ಹಾಳಾದ ಮೇಲೆ ನಡೆಯುವ ಕಾರುಗಳ ಬೆನ್ನಟ್ಟುವಿಕೆಯ ಸಿನಿಮಾಗಳು. ಬೂದಿ ಬಣ್ಣದ ಬಯಲು, ಮೊನಚು ಕಬ್ಬಿಣ ಬೆಸೆದ ಲಾರಿಗಳು, ಓಡುವ ಗಾಡಿಯಿಂದ ಓಡುವ ಗಾಡಿಗೆ ಹಾರುವ ಹುಚ್ಚರು. ಅತಿಯಾದಷ್ಟೂ ಅವರಿಗೆ ಇಷ್ಟ.

ಅವರು ನೋಡುತ್ತಿದ್ದ ಕ್ರಮವೇ ಬೇರೆ. ಆಕೆ ಪರೀಕ್ಷಕಿ, ಆತ ಚಾಲಕನ ವಕೀಲ. ಪರದೆಯ ಮೇಲೆ ಹತ್ತಾರು ಗಾಡಿಗಳು ಹೊತ್ತಿ ಉರಿಯುತ್ತಿರುವಾಗ ಆಕೆ ಪತಿಯ ಕಿವಿಯ ಬಳಿ ಬಾಗಿ ತೀರ್ಪು ಕೊಡುವರು.

"ತಿರುಗೋವಾಗ ಇಂಡಿಕೇಟರ್ ಹಾಕಲಿಲ್ಲ. ಫೇಲ್."

"ಲೋಕವೇ ಮುಳುಗಿ ಹೋಗಿದೆ ಕಣೇ, ಯಾರಿಗೆ ಅಂತ ಹಾಕ್ತಾನೆ?"

"ಹಿಂದೆ ಅಟ್ಟಿಸಿಕೊಂಡು ಬರ್ತಿದಾರಲ್ಲ, ಅವರಿಗೆ."

"ಅವರಿಗೆ ಗೊತ್ತಾಗಬಾರದು ಅಂತಲೇ ತಿರುಗಿದ್ದು. ಪಾಪ, ಪಾಸ್ ಮಾಡು."

ವಾದ ಮನೆಯ ಮೆಟ್ಟಿಲು ಹತ್ತುವವರೆಗೂ ಮುಗಿಯುತ್ತಿರಲಿಲ್ಲ. ಆಕೆ ಒಬ್ಬ ಚಾಲಕನನ್ನೂ ಪಾಸ್ ಮಾಡಿದವರಲ್ಲ.

ಪತಿ ತೀರಿಕೊಂಡ ಮೇಲೆ ಅಂಥ ಸಿನಿಮಾ ಮೊದಲ ಬಾರಿಗೆ ಬಂದಿತು. ಶಾಲೆಯ ಎದುರಿನ ಗೋಡೆಗೆ ಪೋಸ್ಟರ್ ಅಂಟಿಸಿದಂದಿನಿಂದ ಮೇಡಂಗೆ ಒಳಗೊಳಗೇ ಆಸೆ, ಅದಕ್ಕಿಂತ ಹೆಚ್ಚಾಗಿ ಅಂಜಿಕೆ. ಎದುರು ವಾದಿಸುವವರಿಲ್ಲದೆ ಅದು ಬರಿಯ ಗದ್ದಲವಾಗಿ ಕಂಡುಬಿಟ್ಟರೆ? ಆ ಸುಖವೂ ಪತಿಯ ಜೊತೆಗೇ ಹೋಗಿದ್ದರೆ ತಮ್ಮ ಪಾಲಿಗೆ ಉಳಿಯುವುದು ಬ್ರೇಕೊಂದೇ ಎನಿಸಿತು. ಕೊನೆಗೆ ನಾದಿನಿಯ ಬಳಿಗೆ ಹೋದರು. ಆಕೆ ಆಸ್ಪತ್ರೆಯೊಂದರ ಅಪಘಾತದ ವಾರ್ಡಿನಲ್ಲಿ ನರ್ಸ್.

"ಅತ್ತಿಗೆ, ಮುರಿದ ಕೈಕಾಲು ನಾನು ದಿನಾ ನೋಡ್ತೀನಿ. ಬಿಡುವಿದ್ದಾಗಲೂ ಅದೇನಾ?"

"ನೀನು ನೋಡಲೇಬೇಡ. ಪಕ್ಕದಲ್ಲಿ ಕೂತು ನಾನು ಹೇಳಿದ್ದಕ್ಕೆಲ್ಲ ಇಲ್ಲ ಅನ್ನು, ಸಾಕು."

"ನಿಮಗೆ ಇಲ್ಲ ಅನ್ನೋದಾ? ನಮ್ಮಣ್ಣ ಮನೆಯಲ್ಲಿ ಬಾಯಿಬಿಟ್ಟು ಹೇಳದ ಮಾತನ್ನ ನನ್ನ ಕೈಲಿ ಆಡಿಸ್ತೀರಾ?"

"ಅದಕ್ಕೇ ಅವರು ಸಿನಿಮಾಕ್ಕೆ ಬರ್ತಿದ್ದದ್ದು," ಎಂದರು ಮೇಡಂ. ಇಬ್ಬರೂ ನಕ್ಕರು.

ಮಧ್ಯಾಹ್ನದ ಆಟ, ಅರ್ಧಕ್ಕರ್ಧ ಕುರ್ಚಿಗಳು ಖಾಲಿ. ಕಾರುಗಳ ಮೊದಲ ಓಟ ಆರಂಭವಾಗುತ್ತಲೇ ಮೇಡಂ ಬಾಗಿ ಪಿಸುಗುಟ್ಟಿದರು.

"ಕನ್ನಡಿ ನೋಡದೇ ಪಕ್ಕಕ್ಕೆ ಬಂದ. ಫೇಲ್."

"ಹೌದು ಅತ್ತಿಗೆ, ತಪ್ಪೇ."

"ಇಲ್ಲ ಅನ್ನಬೇಕು."

"ಹಾಗಾದ್ರೆ ಇಲ್ಲ. ತಪ್ಪಿಲ್ಲ."

"ಯಾಕೆ?"

ನಾದಿನಿ ಪರದೆಯನ್ನು ದಿಟ್ಟಿಸಿದಳು. "ಅವನ ಭುಜ ಕಳಚಿದೆ ನೋಡಿ. ಕುತ್ತಿಗೆ ತಿರುಗಿಸೋಕಾಗಲ್ಲ, ಪಾಪ."

ಮಾತು ನಿಜವೇ. ಆದರೆ ಅದು ರೋಗಿಯ ಮೇಲಿನ ಕನಿಕರವಾಗಿತ್ತೇ ಹೊರತು ತುಂಟ ವಕೀಲನ ವಾದವಾಗಿರಲಿಲ್ಲ. ದುಃಖದಲ್ಲಿರುವವರಿಗೆ ಎದುರಾಡಬಾರದೆಂಬ ವಾರ್ಡಿನ ರೂಢಿ ಆಕೆಯ ನಾಲಿಗೆಗೆ ಹತ್ತಿಹೋಗಿತ್ತು. ಮುಂದಿನ ತೀರ್ಪುಗಳಿಗೆಲ್ಲ ಮೃದುವಾಗಿ ಹೂಂಗುಟ್ಟಿದಳು. ಬಳಿಕ ಅದೂ ನಿಂತಿತು. ಬೆಳಗಿನ ಪಾಳಿ ಮುಗಿಸಿ ಬಂದವಳು ಅತ್ತಿಗೆಯ ಹೆಗಲಿಗೊರಗಿ ನಿದ್ದೆ ಹೋಗಿದ್ದಳು. ಎಬ್ಬಿಸಲು ಮೇಡಂಗೆ ಮನಸ್ಸಾಗಲಿಲ್ಲ. ತೀರ್ಪು ನಾಲಿಗೆಯ ತುದಿಗೆ ಬಂದು ಹಿಂತಿರುಗುತ್ತಿತ್ತು. ಪರದೆಯ ಮೇಲಿನ ಬೆಂಕಿ ಬರಿಯ ಬೆಂಕಿಯಾಗಿ ಕಾಣತೊಡಗಿತು.

ಕೊನೆಯ ಓಟ ಬಂದಿತು. ಬತ್ತಿದ ಅಣೆಕಟ್ಟೆಯ ನೆತ್ತಿಯಿಂದ ಒಂದು ನೀರಿನ ಟ್ಯಾಂಕರ್ ಇಳಿಯಬೇಕು. ಅದಕ್ಕೆ ಬ್ರೇಕ್ ಉಳಿದಿಲ್ಲ. ಬೆನ್ನ ಹಿಂದೆ ದರೋಡೆಕೋರರ ದಂಡು. ಚಾಲಕಿಯೊಬ್ಬಳು ಗಾಡಿಯನ್ನು ಗರ್ರನೆ ತಿರುಗಿಸಿ, ಜಾರುವ ವೇಗಕ್ಕೆ ತಡೆಯಾಗಲೆಂದು ಮುಂದಕ್ಕೆ ಎಳೆಯುವ ಗೇರಿನಲ್ಲೇ ಎಂಜಿನ್ ಒದರಿಸುತ್ತ, ಇಳಿಜಾರಿನುದ್ದಕ್ಕೂ ಹಿಮ್ಮುಖವಾಗಿ ಜಾರತೊಡಗಿದಳು. ದಾರಿಗೆ ಕನ್ನಡಿಯೊಂದೇ ಆಸರೆ. ಕಣ್ಣೆದುರಿಗೆ ಬೆನ್ನಟ್ಟಿದವರ ಮುಖಗಳು. ಗಾಲಿಗಳಿಂದ ಹೊಗೆ ಎದ್ದಿತು, ಕಲ್ಲುಗಳು ಸಿಡಿದವು, ದಂಡಿನ ಗಾಡಿಗಳು ಒಂದೊಂದಾಗಿ ಅಂಚು ದಾಟಿ ಆಕಾಶಕ್ಕೆ ನೆಗೆದವು. ಮೇಡಂ ಕುರ್ಚಿಯ ಕೈಗಳನ್ನು ಬಿಗಿಹಿಡಿದರು. ಮೈಯೆಲ್ಲ ಜುಮ್ಮೆಂದಿತು, ಬಾಯಿಂದ ತಾನಾಗಿ ನಗು ಹೊರಬಂದಿತು, ಮಕ್ಕಳ ನಗುವಿನಂತೆ, ಜೋರಾಗಿ.

ಟ್ಯಾಂಕರ್ ಕಣಿವೆಯ ಬುಡದಲ್ಲಿ ನಿಂತಿತು. ಧೂಳು ಅಡಗಿತು. ಆಗ ಅವರಿಗೆ ಹೊಳೆಯಿತು: ಅಷ್ಟು ಹೊತ್ತೂ ತಾವು ಒಂದು ತಪ್ಪನ್ನೂ ಎಣಿಸಿರಲಿಲ್ಲ. ಪಕ್ಕಕ್ಕೆ ಒಮ್ಮೆಯೂ ಬಾಗಿರಲಿಲ್ಲ. ಪತಿಯ ನೆನಪೇ ಬಂದಿರಲಿಲ್ಲ. ಹೋಗಿಬಿಟ್ಟಿತೆಂದು ಅಂಜಿದ್ದ ಸುಖ ಹೋಗಿಯೇ ಇರಲಿಲ್ಲ. ಅವರಿದ್ದಾರೋ ಇಲ್ಲವೋ ಎಂದು ಕೇಳದೆ, ಏನೂ ಕೊರೆಯಿಲ್ಲದೆ ಬಂದು ಮೈ ತುಂಬಿತ್ತು. ಸಾವಿನ ಮನೆಯಲ್ಲಿಯೂ ಇಷ್ಟು ಒಂಟಿತನ ಮೇಡಂಗೆ ಅನ್ನಿಸಿರಲಿಲ್ಲ.

ದೀಪಗಳು ಹತ್ತಿದವು. ನಾದಿನಿ ಕಣ್ಣುಜ್ಜಿಕೊಂಡಳು.

"ಮುಗೀತಾ? ಪಾಸಾ ಫೇಲಾ?"

"ತಪ್ಪು ನೋಡೋದೇ ಮರೆತೆ."

ನಾದಿನಿ ಅಭ್ಯಾಸಬಲದಿಂದ ಅತ್ತಿಗೆಯ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟಳು. "ನಾಡಿ ನೋಡಿ ಹೇಗೆ ಓಡ್ತಿದೆ. ಅಂತೂ ಸಿನಿಮಾ ಚೆನ್ನಾಗಿತ್ತು ಅಂತಾಯ್ತು. ಏಳಿ, ಹೋಗೋಣ."

"ನೀನು ನಡಿ, ಬಂದೆ."

ಮೇಡಂ ಕೈಯನ್ನು ಮೆಲ್ಲನೆ ಬಿಡಿಸಿಕೊಂಡು ಮಡಿಲಲ್ಲಿ ಮುಚ್ಚಿಟ್ಟುಕೊಂಡರು. ನಾಡಿಯ ಆ ಓಟ ಪೂರ್ತಿ ತಗ್ಗುವವರೆಗೆ ಏಳಬಾರದೆಂದು, ಬರಿದಾಗುತ್ತಿದ್ದ ಸಾಲುಗಳ ನಡುವೆ ಕುಳಿತೇ ಇದ್ದರು.